ಕಾಂಡದ ಗೆಣ್ಣುಗಳು

ಸ್ಟೆಮ್ ಸೆಲ್ ಎಂಬುದಕ್ಕೆ ಕಟ್ಟಿದ ಕಾಂಡಕೋಶ ಎಂಬ ಸಮಾಸವನ್ನು ಮೊದಲ ಸಲ ಕೇಳಿದ ಹಳೆಯ ಪಂಡಿತರೊಬ್ಬರು ಅದನ್ನು ಯಾವುದೋ ನಿಘಂಟಿನ ಹೆಸರೆಂದು ತಿಳಿದರೆ ನಾವು ನಗುವಂತಿಲ್ಲ. ಕಾಂಡಗಳಾಗಿ ವಿಂಗಡಿಸಿದ ಕೋಶ ನಮ್ಮಲ್ಲಿ ಇದ್ದೇ ಇದೆ: ಅಮರಸಿಂಹನ ನಾಮಲಿಂಗಾನುಶಾಸನಕ್ಕೆ ಮೂರು ಕಾಂಡಗಳು, ಆದ್ದರಿಂದ ಅದಕ್ಕೆ ತ್ರಿಕಾಂಡ, ತ್ರಿಕಾಂಡೀ ಎಂಬ ಹೆಸರುಗಳೂ ಉಂಟು. ಅಮರ ಬಿಟ್ಟ ಪದಗಳನ್ನು ಹೆಕ್ಕಿ ಕೂಡಿಸಿದ ಪುರುಷೋತ್ತಮದೇವನ ಅನುಬಂಧಕ್ಕೆ ತ್ರಿಕಾಂಡಶೇಷವೆಂದೇ ಹೆಸರು. ಅಂಥ ಕಾಂಡವೂ ಅಂಥ ಕೋಶವೂ ಕೈಹಿಡಿದು ನಿಘಂಟಿನ ಮನೆಯಿಂದ ಹೊರಬಿದ್ದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಸಂಸಾರ ಹೂಡಿದ್ದು ಹೇಗೆಂಬುದು ಪದದ ಹುಚ್ಚಿರುವ ನಮ್ಮಂಥವರಿಗೆ ಒಂದು ಸಂಜೆಯ ಮಾತಿಗೆ ಸಾಲುವಷ್ಟು ಸರಕು.

ಕೋಶದ ಕತೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ಮೊಗ್ಗು, ಕತ್ತಿಯ ಒರೆ, ರೇಷ್ಮೆಗೂಡು, ಅರಸನ ಬೊಕ್ಕಸ, ಉಪನಿಷತ್ತಿನ ಅನ್ನಮಯಾದಿ ಐದು ಹೊದಿಕೆಗಳು, ಪದಗಳ ಸಂಗ್ರಹ, ಕಡೆಗೆ ಜೀವಕೋಶ, ಹೀಗೆ ಒಳಗೇನನ್ನೋ ಇಟ್ಟುಕೊಂಡು ಮುಚ್ಚಿದ್ದೆಲ್ಲ ಕೋಶವೇ ಆದ್ದರಿಂದ ಅದರ ದಾರಿ ಉದ್ದವಾದರೂ ನೇರ. ಕಾಂಡದ ದಾರಿ ಹಾಗಲ್ಲ. ಅದು ಕವಲೊಡೆದು ಕವಲೊಡೆದು ಹೋದದ್ದು.

ಅಮರನೇ ತನ್ನ ನಾನಾರ್ಥವರ್ಗದಲ್ಲಿ ಈ ಪದಕ್ಕೆ ಒಂದೇ ಉಸಿರಿನಲ್ಲಿ ಆರು ಅರ್ಥ ಹೇಳಿ ಮುಗಿಸುತ್ತಾನೆ: ಕೋಲು, ಬಾಣ, ಕುದುರೆಯೆಂದೂ ಕೀಳೆಂದೂ ಎರಡರ್ಥವುಳ್ಳ ಅರ್ವ, ವರ್ಗ, ಅವಸರ, ನೀರು. ಪುಲ್ಲಿಂಗವೂ ಆದೀತು ನಪುಂಸಕವೂ ಆದೀತು, ಸ್ತ್ರೀಲಿಂಗ ಮಾತ್ರ ಆಗದು ಎಂಬ ಎಚ್ಚರಿಕೆ ಬೇರೆ. ಈ ಆರರಲ್ಲಿ ನೀರು ಹೇಗೆ ಬಂದು ಸೇರಿತೋ ಅದು ಹಾಗಿರಲಿ, ಉಳಿದವುಗಳ ಬೇರು ಒಂದೇ ಕಡೆ ಇದೆ. ಬಿದಿರು, ಕಬ್ಬು, ಜೊಂಡು, ಗರಿಕೆ ಮುಂತಾದ ಗೆಣ್ಣುಳ್ಳ ಗಿಡಗಳಲ್ಲಿ ಒಂದು ಗೆಣ್ಣಿನಿಂದ ಮುಂದಿನ ಗೆಣ್ಣಿನವರೆಗಿನ ತುಂಡಿದೆಯಲ್ಲ, ಅದು ಕಾಂಡ. ಆ ತುಂಡನ್ನು ಕತ್ತರಿಸಿ ಹಿಡಿದರೆ ಕೋಲು, ಹೆದೆಗೇರಿಸಿದರೆ ಬಾಣ. ತುಂಡು ತುಂಡಾಗಿ ಭಾಗವಾದದ್ದು ವರ್ಗ. ಕಾಲದ ಒಂದು ತುಂಡು ಅವಸರ, ಅಂದರೆ ಒದಗಿ ಬಂದ ಸಮಯ. ಗಿಡದ ಇಡೀ ದಂಟಿಗೆ ಕಾಂಡವೆನ್ನುವ ನಮ್ಮ ಶಾಲೆಯ ಪಾಠಪುಸ್ತಕದ ಅರ್ಥ ಈ ತುಂಡಿನ ಅರ್ಥ ಹಿಗ್ಗಿ ಆದದ್ದು.

ಕನ್ನಡದ ಕಿವಿಯುಳ್ಳವರಿಗೆ ಇಲ್ಲೊಂದು ಕಚಗುಳಿ ಇದೆ. ಹಳಗನ್ನಡದ ಕಣೆ ಎಂದರೆ ಬಾಣ, ಮನ್ಮಥನದಾದರೆ ಪೂಗಣೆ; ಕೋಲು ಎಂದರೂ ಬಾಣವೇ. ಬಡಗಣ ಸೀಮೆಯಲ್ಲಿ ತೆನೆ ಕೊಯ್ದ ಮೇಲೆ ದನಕ್ಕೆ ಹಾಕುವ ಜೋಳದ ದಂಟು ಕಣಿಕೆ, ಬಾಯಿಮಾತಿನಲ್ಲಿ ಕಣಕಿ. ಕಾಡುಗೊಲ್ಲರು ಜುಂಜಪ್ಪನ ಪದಕ್ಕೆ ಊದುವ ಬಿದಿರಿನ ಉದ್ದನೆಯ ಕೊಳಲು ಗಣೆ. ಕಬ್ಬಿನ ಮೇಲೂ ಬೆರಳ ಮೇಲೂ ಇರುವುದು ಗೆಣ್ಣು, ಗಣ್ಣು, ಗಿಣ್ಣು, ಗಣಿಕೆ (ಹಸು ಈದಾಗ ಕಾಯಿಸುವ ಗಿಣ್ಣಿಗೂ ಇದಕ್ಕೂ ನಂಟು ಹಚ್ಚಬೇಡಿ, ಅದರ ಮನೆತನ ಬೇರೆ). ತಮಿಳಿನಲ್ಲಂತೂ ಬಿದಿರಿನ ಗೆಣ್ಣಿಗೂ ಮುಖದ ಕಣ್ಣಿಗೂ ಒಂದೇ ರೂಪ. ನಾವೂ ನಾಟಿಗೆ ಕಬ್ಬು ಕಡಿಯುವಾಗ ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎನ್ನುತ್ತೇವೆ. ಕೋಲು ಮತ್ತು ಬಾಣ, ಗೆಣ್ಣು ಮತ್ತು ತುಂಡು ಹೀಗೆ ಸಂಸ್ಕೃತದ ಕಾಂಡದಲ್ಲೂ ದ್ರಾವಿಡದ ಕಣೆ-ಗಣೆಗಳಲ್ಲೂ ಜೋಡಿಯಾಗಿಯೇ ಬರುವುದನ್ನು ಕಂಡು, ಮೂರ್ಧನ್ಯದ ಣಕಾರ ಡಕಾರಗಳ ಗುದ್ದನ್ನೂ ಕೇಳಿ, ಕಾಂಡವೇ ತೆಂಕಣ ನುಡಿಗಳಿಂದ ಸಂಸ್ಕೃತಕ್ಕೆ ಹೋದ ಪದವಿದ್ದೀತೆಂದು ಶಂಕಿಸಿದ ವಿದ್ವಾಂಸರಿದ್ದಾರೆ. ಒಡಹುಟ್ಟೋ ನೆಂಟಸ್ತಿಕೆಯೋ, ನನಗಂತೂ ಇವು ಒಂದೇ ಮೆಳೆಯಲ್ಲಿ ಬೆಳೆದವೆಂದು ನಂಬುವುದೇ ಇಷ್ಟ.

ಕಾಂಡ ಗ್ರಂಥದೊಳಗೆ ಹೊಕ್ಕದ್ದು ಬಹಳ ಹಿಂದೆ. ಅಥರ್ವವೇದಕ್ಕೆ 20 ಕಾಂಡ, ತೈತ್ತಿರೀಯ ಸಂಹಿತೆಗೆ 7, ವಾಲ್ಮೀಕಿಯ ರಾಮಾಯಣಕ್ಕೂ 7, ಭರ್ತೃಹರಿಯ ವಾಕ್ಯಪದೀಯಕ್ಕೆ 3. ಮಹಾಭಾರತ ಮಾತ್ರ ತನ್ನ ಭಾಗಗಳನ್ನು ಪರ್ವವೆಂದು ಕರೆಯಿತು, ಪರ್ವವೆಂದರೇನು? ಅದೂ ಬಿದಿರಿನದೇ, ಆದರೆ ತುಂಡಲ್ಲ, ಗೆಣ್ಣು. ಒಂದು ಮಹಾಕಾವ್ಯ ಗೆಣ್ಣುಗಳ ನಡುವಿನ ತುಂಡನ್ನು ಎಣಿಸಿಕೊಂಡರೆ ಇನ್ನೊಂದು ಗೆಣ್ಣುಗಳನ್ನೇ ಎಣಿಸಿಕೊಂಡಿತು! ಭಾಗವತದ ಸ್ಕಂಧ ಕೊಂಬೆಯೊಡೆಯುವ ತನಕದ ಬೊಡ್ಡೆ, ತೈತ್ತಿರೀಯೋಪನಿಷತ್ತಿನ ವಲ್ಲಿ ಬಳ್ಳಿ, ವೇದಗಳದು ಶಾಖೆ. ನಮ್ಮ ಹಿಂದಿನವರು ಪುಸ್ತಕ ಬರೆದರೋ ತೋಟ ಹಾಕಿದರೋ ಎನ್ನುವಷ್ಟರ ಮಟ್ಟಿಗೆ ಗಿಡದ ಮೈಯೇ ಗ್ರಂಥದ ಮೈಯಾಗಿದೆ. ಈ ಪರ್ವವೇ ಪಬ್ಬವಾಗಿ, ಪಕಾರ ಹಕಾರವಾಗಿ, ವರ್ಷದ ಗೆಣ್ಣುಗಳಾದ ನಮ್ಮ ಹಬ್ಬಗಳಲ್ಲಿ ಕೂತಿದೆ. ಕುಮಾರವ್ಯಾಸ ಪರ್ವದೊಳಗೆ ಸಂಧಿಗಳನ್ನಿಟ್ಟದ್ದರಿಂದ ಅವನಲ್ಲಿ ಕೀಲಿನೊಳಗೆ ಕೀಲು. ಕುವೆಂಪು ಶ್ರೀ ರಾಮಾಯಣ ದರ್ಶನಂನಲ್ಲಿ ಕಾಂಡವನ್ನು ಕೈಬಿಟ್ಟು ಸಂಪುಟವನ್ನು ಆರಿಸಿಕೊಂಡರು. ಮಲೆನಾಡಿನ ಕಾಡನ್ನೆಲ್ಲ ಕಾವ್ಯಕ್ಕೆ ತಂದ ಕವಿ ಗಿಡದ ಪದವನ್ನೇ ಬಿಟ್ಟು ಕರಂಡಕದ ಪದಕ್ಕೆ ಮನಸೋತದ್ದು ನನಗೆ ಇವತ್ತಿಗೂ ಒಂದು ಸಿಹಿಯಾದ ಒಗಟು.

ಉಪಸರ್ಗ ಹತ್ತಿಕೊಂಡ ಕಾಂಡದ ಬದುಕು ಇನ್ನೂ ಸೊಗಸು. ಪ್ರಕಾಂಡವೆಂದರೆ ಬೇರಿನಿಂದ ಕೊಂಬೆಗಳವರೆಗಿನ ಮರದ ಬೊಡ್ಡೆ. ಅದೇ ಪದ ಸಮಾಸದ ಕೊನೆಯಲ್ಲಿ ನಿಂತಾಗ ಶ್ರೇಷ್ಠವೆಂಬ ಅರ್ಥ ಕೊಡುತ್ತದೆಂದು ಅಮರನೇ ಬೇರೊಂದೆಡೆ ಹೇಳುತ್ತಾನೆ. ನಾವು ಕನ್ನಡಿಗರು ಅದನ್ನು ಮುಂದಕ್ಕೆ ತಂದು ಪ್ರಕಾಂಡ ಪಂಡಿತ ಎಂದೆವು. ಸನ್ಮಾನಪತ್ರದಲ್ಲಿ ಹೀಗೆ ಬರೆಸಿಕೊಂಡವರಾರಿಗೂ ತಮ್ಮನ್ನು ಮರದ ಬೊಡ್ಡೆಗೆ ಹೋಲಿಸಿದ್ದಾರೆಂದು ಅನಿಸಿದಂತಿಲ್ಲ. ಅವಸರಕ್ಕೆ ಕಾಂಡವೆಂದಮೇಲೆ ಅವಸರವಲ್ಲದ್ದು ಅಕಾಂಡ, ಆ ಹೊತ್ತುಗೆಟ್ಟ ಕುಣಿತ ಅಕಾಂಡತಾಂಡವ. ಇನ್ನು ಕರ್ಮಕಾಂಡದ ಅವಸ್ಥೆಯೋ! ವೇದದ ಯಜ್ಞಭಾಗಕ್ಕೆ ಜ್ಞಾನಕಾಂಡದ ಎದುರಾಗಿ ಇಟ್ಟ ಗೌರವದ ಹೆಸರು ಇಂದು ಪತ್ರಿಕೆಯ ತಲೆಬರಹದಲ್ಲಿ ಯಾವುದೋ ಕಚೇರಿಯ ಅವ್ಯವಹಾರ ಬಯಲಾಯಿತೆಂದು ಸಾರಲು ಬಳಕೆಯಾಗುತ್ತಿದೆ. ಆ ಸಹವಾಸದಿಂದ ಒಂಟಿ ಕಾಂಡಕ್ಕೂ ಹಗರಣದ ವಾಸನೆ ಅಂಟಿ, ಲಂಚದ ಕಾಂಡ, ವಂಚನೆಯ ಕಾಂಡ ಎಂದು ಹೊಸ ರಾಮಾಯಣಗಳು ಹುಟ್ಟಿಕೊಂಡಿವೆ.

ಈ ಎಲ್ಲ ಕವಲುಗಳಿಗಿಂತ ನನ್ನ ಮನಸ್ಸು ನಿಲ್ಲುವುದು ಯಜುರ್ವೇದದ ಒಂದು ದೂರ್ವಾಮಂತ್ರದ ಬಳಿ. ಅಗ್ನಿಚಯನದಲ್ಲಿ ಗರಿಕೆಯನ್ನು ಇಟ್ಟಿಗೆಯಂತೆ ಇಡುವಾಗ ಹೇಳುವ ಆ ಮಂತ್ರದಲ್ಲಿ ದೂರ್ವೆ ಒಂದೊಂದು ಕಾಂಡದಿಂದಲೂ ಒಂದೊಂದು ಪರುಸ್ಸಿನಿಂದಲೂ, ಎಂದರೆ ಗೆಣ್ಣಿನಿಂದಲೂ, ಮೊಳೆತು ಹರಡುವಂತೆ ನಾವೂ ನೂರಾಗಿ ಸಾವಿರವಾಗಿ ಹರಡಲಿ ಎಂಬ ಕೋರಿಕೆಯಿದೆ. ಅಂಗಳದ ಗರಿಕೆಯನ್ನು ಕಿತ್ತವರಿಗೆ ಇದರ ನಿಜ ಗೊತ್ತು: ನೆಲ ಕಚ್ಚಿ ಹರಿಯುವ ಎಳೆಯನ್ನು ಎಳೆದರೆ ಅದು ಗೆಣ್ಣಿನ ಬಳಿ ಪಟ್ಟನೆ ಮುರಿಯುತ್ತದೆ, ನೆಲದಲ್ಲಿ ಉಳಿದ ಒಂದೇ ಒಂದು ಗೆಣ್ಣಿನಿಂದ ವಾರದೊಳಗೆ ಬಿಳಿ ಬೇರೂ ಹಸಿರು ಸೂಜಿಯೂ ಹೊರಡುತ್ತವೆ. ತುಂಡಾದರೂ ಮುಗಿಯದೆ, ತುಂಡಿನಿಂದಲೇ ಮತ್ತೆ ಇಡಿಯಾಗುವುದು ಕಾಂಡದ ಅರ್ಥದೊಳಗೇ ಹುದುಗಿದೆಯೆನ್ನಲು ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ? ಅಮರನ ವನೌಷಧಿವರ್ಗದ ಕಣ್ಣೂ ಇಷ್ಟೇ ಚುರುಕು. ಅಮೃತಬಳ್ಳಿಗೆ ಗುಡೂಚಿ, ಅಮೃತಾ ಎಂಬವುಗಳ ಜೊತೆಗೇ ಛಿನ್ನರುಹಾ ಎಂಬ ಹೆಸರಿದೆ, ಕಡಿದರೂ ಚಿಗುರುವವಳು ಎಂದು. ಮುರಿದ ಮೂಳೆಗೆ ಕಟ್ಟುವ, ನಾಲ್ಕು ಏಣಿನ, ಸಂದುಸಂದಾಗಿ ಬೆಳೆಯುವ ಮಂಗರವಳ್ಳಿ ಸಂಸ್ಕೃತದಲ್ಲಿ ಕಾಂಡವಲ್ಲಿ, ಅಸ್ಥಿಸಂಹಾರ. ಹೆಸರಿಟ್ಟವರು ಎಲೆ ಹೂವುಗಳ ಚೆಂದಕ್ಕಿಂತ ಗಿಡದ ಮರುಹುಟ್ಟನ್ನು ನೋಡಿ ಹೆಸರಿಟ್ಟಿದ್ದಾರೆ.

ಇತ್ತ ನಮ್ಮ ಕಾಂಡ ಹೀಗೆ ಅರ್ಥ ಕೂಡಿಸಿಕೊಳ್ಳುತ್ತಿರಲು ಅತ್ತ ಜರ್ಮನಿಯಲ್ಲಿ ಬೇರೊಂದು ಬೊಡ್ಡೆ ಬೆಳೆಯುತ್ತಿತ್ತು. ಡಾರ್ವಿನ್ನನ ಮಾತನ್ನು ಜರ್ಮನರ ಮನೆಮನೆಗೆ ಮುಟ್ಟಿಸಿದ ಅರ್ನ್ಸ್ಟ್ ಹೆಕೆಲ್ 1868ರ ತನ್ನ ಸೃಷ್ಟಿಚರಿತ್ರೆಯಲ್ಲಿ ಸ್ಟಾಮ್‌ಸೆಲ್ಲೆ ಎಂಬ ಪದವನ್ನು ಬಳಸಿದ. ಅವನ ಮನಸ್ಸಿನಲ್ಲಿದ್ದುದು ಸ್ಟಾಮ್‌ಬೌಮ್, ಅಂದರೆ ವಂಶವೃಕ್ಷ. ಬಹುಕೋಶ ಜೀವಿಗಳ ಕುಲಕ್ಕೆಲ್ಲ ಮೂಲಪುರುಷನಾದ ಏಕಕೋಶ ಜೀವಿಯೇ ಅವನ ಸ್ಟಾಮ್‌ಸೆಲ್ಲೆ. 1877ರ ಹೊತ್ತಿಗೆ ಅದೇ ಪದವನ್ನು ಅವನು ಫಲಿತ ಅಂಡಕ್ಕೂ ಹಚ್ಚಿದ, ಕುಲದ ಇತಿಹಾಸವನ್ನೇ ಒಡಲಿನ ಇತಿಹಾಸಕ್ಕೆ ಇಳಿಸಿದಂತೆ. 1892ರಲ್ಲಿ ಥಿಯೊಡೋರ್ ಬೊವೆರಿ, ವ್ಯಾಲೆಂಟಿನ್ ಹೆಕರ್ ಅದನ್ನು ಬೀಜಕೋಶಗಳ ಪರಂಪರೆಗೆ ಕಿರಿದುಗೊಳಿಸಿದರು. 1896ರಲ್ಲಿ ಆರ್ಥರ್ ಪಾಪನ್‌ಹೈಮ್ ಕೆಂಪು ಬಿಳಿ ರಕ್ತಕಣಗಳೆರಡಕ್ಕೂ ತಾಯಾದ ಕೋಶಕ್ಕೆ ಅದೇ ಹೆಸರಿಟ್ಟ. ಅದೇ ವರ್ಷ ಎಡ್ಮಂಡ್ ವಿಲ್ಸನ್ನನ ಪುಸ್ತಕದ ಮೂಲಕ ಇಂಗ್ಲಿಷಿನ ಸ್ಟೆಮ್ ಸೆಲ್ ಚಾಲ್ತಿಗೆ ಬಂತು. ಮೂವತ್ತು ವರ್ಷದೊಳಗೆ ಜೀವಕುಲದ ಆದಿಪುರುಷ ಎಲುಬಿನ ಮಜ್ಜೆಯ ಬಾಡಿಗೆದಾರನಾಗಿ ಬಿಟ್ಟ.

ಜರ್ಮನ್ ಸ್ಟಾಮ್ ಮತ್ತು ಇಂಗ್ಲಿಷ್ ಸ್ಟೆಮ್ ಅಕ್ಕತಂಗಿಯರೇ, ನಿಲ್ಲು ಎಂಬ ಧಾತುವಿನಿಂದ ಹುಟ್ಟಿದವು, ನಮ್ಮ ಸ್ಥಾಣುವಿನ ದೂರದ ನೆಂಟರು. ಆದರೆ ಸ್ಟಾಮ್ ಎಂದರೆ ಬೊಡ್ಡೆಯೂ ಹೌದು, ಕುಲವೂ ಹೌದು, ಬುಡಕಟ್ಟೂ ಹೌದು. ಇಂಗ್ಲಿಷಿನ ಸ್ಟೆಮ್ಮಿನಲ್ಲಿ ಕುಲದ ಅರ್ಥ ಸವೆದು ಹೋಗಿ ದಂಟಿನ ಅರ್ಥ ಉಳಿದಿತ್ತು. ನಾವು ಪದ ಕಟ್ಟಲು ಹೊರಟಾಗ ಮುಂದಿದ್ದುದು ಇಂಗ್ಲಿಷೇ ಆದ್ದರಿಂದ ದಂಟನ್ನು ಹಿಡಿದೆವು, ಕುಲ ಕೈಬಿಟ್ಟಿತು. ಜರ್ಮನ್ ನೋಡಿ ಕಟ್ಟಿದ್ದರೆ ಏನಾಗುತ್ತಿತ್ತು? ಹೆಕೆಲ್ಲನ ಅರ್ಥಕ್ಕೆ ಅಳತೆ ತೆಗೆದು ಹೊಲಿದಂತೆ ಒಂದು ಪದ ನಮ್ಮ ಪೆಟ್ಟಿಗೆಯಲ್ಲೇ ಇತ್ತು: ವಂಶ. ವಂಶವೆಂದರೆ ಮೊದಲು ಬಿದಿರು, ಆಮೇಲೆ ಪೀಳಿಗೆ. ಗೆಣ್ಣಿಗೆ ಗೆಣ್ಣು ಕೂಡಿ ಬಿದಿರು ಏರುವಂತೆ ತಂದೆಗೆ ಮಗ ಕೂಡಿ ಕುಲ. ಬೊಡ್ಡೆಯೂ ಕುಲವೂ ಒಂದಾದ ಜರ್ಮನ್ ಪದಕ್ಕೆ ಬಿದಿರೂ ಕುಲವೂ ಒಂದಾದ ವಂಶಕ್ಕಿಂತ ಸರಿಯಾದ ಜೋಡಿ ಬೇರೆ ಯಾವ ನುಡಿಯಲ್ಲಿ ಸಿಕ್ಕೀತು? ವಂಶಕೋಶ ಎಂದಿದ್ದರೆ ಹೆಕೆಲ್ ಕುಣಿಯುತ್ತಿದ್ದನೇನೋ. ಆದರೆ ಇವತ್ತಿನ ವೈದ್ಯರ ಕೈಯಲ್ಲಿ ಆ ಪದ ವಂಶವಾಹಿಯೊಂದಿಗೆ ಗೊಂದಲ ಎಬ್ಬಿಸಿ ಮದುವೆ ಮುರಿಯುತ್ತಿತ್ತು, ಅದೂ ನಿಜ.

ಕನ್ನಡದಲ್ಲಿ ಈಗ ಮೂರು ನಾಲ್ಕು ರೂಪಗಳು ಒಟ್ಟಿಗೆ ಓಡಾಡುತ್ತಿವೆ: ಕಾಂಡಕೋಶ, ಕಾಂಡಜೀವಕೋಶ, ಆಕರಕೋಶ, ಮೂಲಕೋಶ. ಆಸ್ಪತ್ರೆಯ ಮೊಗಸಾಲೆಯಲ್ಲಿ ಜನ ಆಡುವುದು ಮಾತ್ರ ಸ್ಟೆಮ್ ಸೆಲ್. ಆಕರವೆಂದರೆ ಗಣಿ, ಗಣಿಯಿಂದ ತೆಗೆದಷ್ಟೂ ಅದು ಬರಿದಾಗುತ್ತದೆ, ಈ ಕೋಶವೋ ಒಡೆದು ಒಂದು ಮಗಳನ್ನು ಬೇರೆ ಕಸುಬಿಗೆ ಕಳಿಸಿ ಇನ್ನೊಂದನ್ನು ತನ್ನಂತೆಯೇ ಉಳಿಸಿಕೊಳ್ಳುವ ಜಾತಿಯದು. ಮೂಲಕ್ಕೆ ಬೇರೆಂಬ ಅರ್ಥವಿದ್ದರೂ ಮೂಲವ್ಯಾಧಿಯಿಂದ ಮೂಲಭೂತದವರೆಗೆ ಸವೆದು ಅದರ ಅಂಚು ಮೊಂಡಾಗಿದೆ. ಕಾಂಡವನ್ನು ಬರೀ ಶಬ್ದಾನುವಾದವೆಂದು ಜರೆಯುವವರಿದ್ದಾರೆ, ಜರೆಯಲಿ. ದೂರ್ವೆಯ ಕಾಂಡವನ್ನು ನೆನೆದವರಿಗೆ ಅದರಲ್ಲಿ ಮೂಲ ಜರ್ಮನ್ನಿನಲ್ಲೂ ಇಲ್ಲದ ಒಂದು ಅರ್ಥ ಕೇಳಿಸುತ್ತದೆ: ಸ್ಟಾಮ್ ಎಂಬುದು ಎಲ್ಲಿಂದ ಬಂದೆವೆಂದು ಹಿಂದಕ್ಕೆ ನೋಡುತ್ತದೆ, ಕಾಂಡ ಎಲ್ಲಿ ಮತ್ತೆ ಚಿಗುರುತ್ತೇನೆಂದು ಮುಂದಕ್ಕೆ ನೋಡುತ್ತದೆ. ಇವತ್ತಿನ ಪುನರುಜ್ಜೀವನ ವೈದ್ಯಕ್ಕೆ ಬೇಕಾದದ್ದು ಎರಡನೆಯದು.

ವಿಜ್ಞಾನವೂ ಪುಟ್ಟ ಅಣುಗಳಿಂದ ಕೋಶವನ್ನು ಮತ್ತೆ ಚಿಗುರಿಸುವ ಈ ದಾರಿಯನ್ನು ಮೊದಲು ಹಿಡಿದದ್ದು ಗಿಡದ ಕಾಂಡದಲ್ಲಿಯೇ ಎಂಬುದನ್ನು ಜನ ಮರೆತಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಕ್ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ ಹೊಗೆಸೊಪ್ಪಿನ ಕಾಂಡದ ನಡುತಿರುಳನ್ನು ಗಾಜಿನ ಪಾತ್ರೆಯಲ್ಲಿ ಸಾಕುತ್ತಿದ್ದರು. ಅವರ ಬಳಿ ಇದ್ದುವು ಎರಡು ಬಗೆಯ ಪುಟ್ಟ ಅಣುಗಳು, ಆಕ್ಸಿನ್ ಮತ್ತು ಸೈಟೊಕೈನಿನ್. ಎರಡನೆಯದರ ಮೊದಲ ಮಾದರಿಯಾದ ಕೈನೆಟಿನ್ ಸಿಕ್ಕಿದ್ದು, ನಂಬಿದರೆ ನಂಬಿ, ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯನ್ನು ಆವಿಯೊತ್ತಡದಲ್ಲಿ ಬೇಯಿಸಿದಾಗ. 1957ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಸರಳ: ಆಕ್ಸಿನ್ನಿನ ಪಾಲು ಹೆಚ್ಚಾದರೆ ಆ ಮುದ್ದೆಯಿಂದ ಬೇರು, ಸೈಟೊಕೈನಿನ್ನಿನ ಪಾಲು ಹೆಚ್ಚಾದರೆ ಚಿಗುರು, ಎರಡೂ ಸಮತೂಗಿದರೆ ಬೇರೂ ಅಲ್ಲದ ಚಿಗುರೂ ಅಲ್ಲದ ಮುದ್ದೆಯಾಗಿಯೇ ಬೆಳವಣಿಗೆ. ಒಂದೇ ಕೋಶ, ಒಂದೇ ವಂಶವಾಹಿಗಳ ಕಟ್ಟು, ಆದರೂ ಹಣೆಬರಹ ತಿರುಗಿದ್ದು ಎರಡು ಅಣುಗಳ ಪ್ರಮಾಣದಿಂದ. ನಮ್ಮ ರೈತರು ಕೊಂಡು ತರುವ ಟಿಶ್ಯೂ ಕಲ್ಚರ್ ಬಾಳೆ ಈ ಲೆಕ್ಕದ ಮೊಮ್ಮಗು. ಬಾಳೆಯ ಕಂದಿನ ತುದಿಯನ್ನು ಬಿಡಿಸಿ, ಮೊದಲು ಚಿಗುರಿನ ಅಣು ಮುಂದಾಗಿರುವ ಪಾಕದಲ್ಲಿ ಹತ್ತಾಗಿಸಿ ನೂರಾಗಿಸಿ, ಆಮೇಲೆ ಬೇರಿನ ಅಣುವಿನ ಪಾಕಕ್ಕೆ ದಾಟಿಸುತ್ತಾರೆ. ಅಂದಹಾಗೆ ಬಾಳೆಯಲ್ಲಿ ನಾವು ಕಾಂಡವೆಂದು ತಬ್ಬಿಕೊಳ್ಳುವುದು ಹುಸಿಕಾಂಡ, ಒಂದರೊಳಗೊಂದು ಸುತ್ತಿಕೊಂಡ ಎಲೆಬುಡದ ಒರೆಗಳು. ನಿಜವಾದ ಕಾಂಡ ಮಣ್ಣೊಳಗೆ ಗೆಡ್ಡೆಯಾಗಿ ಕೂತಿರುತ್ತದೆ.

ಪುಟ್ಟ ಅಣು ಎಂದೆನಲ್ಲ, ವಿಜ್ಞಾನಿಗಳು ಸ್ಮಾಲ್ ಮಾಲಿಕ್ಯೂಲ್ ಎನ್ನುವುದನ್ನು ಕಿರುಅಣು ಎಂದು ಬರೆಯುವಾಗ ಪದಪ್ರಿಯರ ಹಲ್ಲು ಜುಮ್ಮೆನ್ನುತ್ತದೆ. ಅಣುವೆಂದರೇ ಕಿರಿದು, ಕಿರಿದಾದ ಕಿರಿದೆಂದರೆ ಏನು ಹೇಳಿದಂತಾಯಿತು? ಆದರೂ ಇಲ್ಲಿ ಅಳತೆಗೆ ಅರ್ಥವಿದೆ. ಇನ್ಸುಲಿನ್ನಿನ ಅಣುತೂಕ 5,800ರ ಹತ್ತಿರ, ಪ್ರತಿಕಾಯವೊಂದರದು ಒಂದೂವರೆ ಲಕ್ಷದ ಸುಮಾರು. ನಮ್ಮ ಕಿರುಅಣುಗಳೋ ಸಾಮಾನ್ಯವಾಗಿ ಐನೂರರ ಒಳಗಿನವು. ಅಷ್ಟು ಚಿಕ್ಕವಾದ್ದರಿಂದಲೇ ಅವುಗಳಲ್ಲಿ ಬಹುಪಾಲು ಕೋಶದ ಪೊರೆಯನ್ನು ನುಸುಳಿ ಒಳಹೋಗುತ್ತವೆ, ಕೆಲಸ ಮುಗಿದ ಮೇಲೆ ತೊಳೆದು ತೆಗೆಯಬಹುದು, ಪ್ರಮಾಣವನ್ನು ಹನಿ ಲೆಕ್ಕದಲ್ಲಿ ಏರಿಳಿಸಬಹುದು. ಮನುಷ್ಯರ ಮೇಲೆ ಇಂಥ ಅಣುವೊಂದು ಕೋಶದ ಗತಿಯನ್ನು ತಿರುಗಿಸಿದ ಹೆಸರಾಂತ ಮೊದಲ ಕತೆ ಶಾಂಘೈನದು. 1980ರ ದಶಕದಲ್ಲಿ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು ಒಂದು ಬಗೆಯ ರಕ್ತಕ್ಯಾನ್ಸರಿಗೆ ರೆಟಿನೊಯಿಕ್ ಆಮ್ಲವನ್ನು ಕೊಟ್ಟರು. ಬಲಿಯದೆ ಹುಚ್ಚಾಗಿ ಹೆಚ್ಚುತ್ತಿದ್ದ ಬಿಳಿಕಣಗಳನ್ನು ಅದು ಕೊಲ್ಲದೆ ಬಲಿಯಿಸಿತು, ಬಲಿತ ಕಣಗಳು ತಮ್ಮ ಆಯುಸ್ಸು ಮುಗಿದು ತಾವೇ ತೀರಿಕೊಂಡವು. ರೆಟಿನಾದ ಹೆಸರು ಹೊತ್ತ, ಎ ಜೀವಸತ್ತ್ವದ ಸಂತಾನವಾದ ಅಣುವಿಗೆ ಮಜ್ಜೆಯಲ್ಲಿ ಈ ಕೆಲಸ!

ಈ ಅಣುಗಳ ಹೆಸರುಗಳೇ ಒಂದು ಪುರಾಣ. ಅಮೆರಿಕದ ಐಡಾಹೋದಲ್ಲಿ ಬೆಟ್ಟದ ಲಿಲ್ಲಿಯಂಥ ಒಂದು ಗಿಡ ಮೇಯ್ದ ಕುರಿಗಳು ಹಣೆಯ ನಡುವೆ ಒಂದೇ ಕಣ್ಣಿನ ಮರಿಗಳನ್ನು ಈದವು. ಕಾರಣವಾದ ವಸ್ತುವಿಗೆ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯ ಸೈಕ್ಲಾಪ್ಸನಿಂದ ಸೈಕ್ಲೊಪಮೈನ್ ಎಂಬ ಹೆಸರು ಬಂತು. ಭ್ರೂಣದಲ್ಲಿ ಹೆಡ್ಜ್‌ಹಾಗ್ ಎಂಬ ಸಂಕೇತವನ್ನು ಅದು ತಡೆಯುತ್ತದೆಂದು ಆಮೇಲೆ ತಿಳಿಯಿತು. ಆ ಶಾಪದ ಅಣುವಿನ ಮಾರ್ಪಡಿಸಿದ ರೂಪವನ್ನೇ ಮುಂದೆ ಕಾಂಡಕೋಶಗಳನ್ನು ಮೇದೋಜೀರಕದತ್ತ ಹೊರಳಿಸಲು ಬಳಸಿದರು. ಬಲಿತ ಕೋಶವನ್ನು ಹಿಂದಕ್ಕೆ ಒಯ್ಯುತ್ತದೆಂದು 2004ರಲ್ಲಿ ರಿವರ್ಸಿನ್ ಬಂತು, ಆ ಹೆಸರಿಗೆ ಟೀಕೆ ಬೇಡ.

ಹಿಂದಕ್ಕೆ ಒಯ್ಯುವುದೆಂದರೆ ಏನೆಂದು ಸ್ವಲ್ಪ ನಿಧಾನಿಸಿ ನೋಡೋಣ. ಚರ್ಮದ ಕೋಶದಲ್ಲೂ ಇಡೀ ದೇಹದ ವಂಶವಾಹಿಗಳಿವೆ, ಆದರೆ ಬೇಡದವನ್ನು ಸುರುಳಿ ಸುತ್ತಿ ಮೊಹರು ಹಾಕಿ ಇಟ್ಟಿರುತ್ತದೆ. ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಇಂಥ ಕೋಶಕ್ಕೆ ನಾಲ್ಕು ವಂಶವಾಹಿಗಳನ್ನು ತುರುಕಿ ಅದನ್ನು ಭ್ರೂಣದ ಸ್ಥಿತಿಗೆ ಮರಳಿಸಿದರು, 2012ರಲ್ಲಿ ಜಾನ್ ಗರ್ಡನ್ನರೊಂದಿಗೆ ನೊಬೆಲ್ ಪಡೆದರು. ಆದರೆ ಆ ನಾಲ್ಕರಲ್ಲಿ ಒಂದು ಕ್ಯಾನ್ಸರಿನ ಕುಖ್ಯಾತಿಯದು, ಹೊರಗಿನ ವಂಶವಾಹಿ ಕೋಶದೊಳಗೆ ಎಲ್ಲಿ ಹೋಗಿ ಕೂರುತ್ತದೆಂಬ ಭಯ ಬೇರೆ. ಪೆಕಿಂಗ್ ವಿಶ್ವವಿದ್ಯಾಲಯದ ಡೆಂಗ್ ಹಾಂಗ್‌ಕುಯಿ ಅವರ ತಂಡ 2013ರಲ್ಲಿ ಒಂದು ವಂಶವಾಹಿಯನ್ನೂ ಸೇರಿಸದೆ ಬರೀ ಏಳು ಕಿರುಅಣುಗಳಿಂದ ಇಲಿಯ ಕೋಶವನ್ನು ಹಿಂದಿರುಗಿಸಿತು. ಆ ಪಾಕದಲ್ಲಿ ಯಾರು ಯಾರಿದ್ದರು ನೋಡಿ: ಅಪಸ್ಮಾರಕ್ಕೆ ಕೊಡುವ ವಾಲ್ಪ್ರೊಯಿಕ್ ಆಮ್ಲ, ಅದು ಮೊಹರುಗಳನ್ನು ಸಡಿಲಿಸುತ್ತದೆ, ಖಿನ್ನತೆಗೆ ಕೊಡುವ ಟ್ರಾನಿಲ್‌ಸಿಪ್ರೊಮೈನ್, ಅದೂ ಮೊಹರು ಒಡೆಯುವ ಪೈಕಿ, ಮತ್ತೆ ಫೋರ್ಸ್ಕೋಲಿನ್. ಈ ಮೂರನೆಯದನ್ನು ನಾವು ಎದ್ದು ಬರಮಾಡಿಕೊಳ್ಳಬೇಕು, ಏಕೆಂದರೆ ಅದು ನಮ್ಮ ಮಕಂದಿ ಬೇರಿನ ಸತ್ತ್ವ. ಮಂಗನಿ ಬೇರೆಂದೂ ಕರೆಯುವ ಈ ಕೋಲಿಯಸ್ ಜಾತಿಯ ಗಿಡವನ್ನು ಕರ್ನಾಟಕದ ಕೆಲವೆಡೆ ಬೆಳೆಯುತ್ತಾರೆ. ಅದರ ಗೆಡ್ಡೆಬೇರಿನಿಂದ 1970ರ ದಶಕದಲ್ಲಿ ಭಾರತದ ಪ್ರಯೋಗಶಾಲೆಗಳಲ್ಲೇ ಈ ವಸ್ತುವನ್ನು ಬೇರ್ಪಡಿಸಿದರು. ಹೆಸರು ಮಾತ್ರ ಲಿನ್ನೇಯಸ್ಸನ ಶಿಷ್ಯ ಪೆರ್ ಫೋರ್ಸ್ಕಲ್‌ನದು, 1763ರಲ್ಲಿ ಗಿಡ ಹುಡುಕುತ್ತ ಯೆಮನ್ನಿನಲ್ಲಿ ತೀರಿಕೊಂಡ ಸಸ್ಯಶಾಸ್ತ್ರಿಯದು. ಫೋರ್ಸ್ಕೋಲಿನ್ ಕೋಶದೊಳಗೆ ಒಂದು ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಯಮನಾಕರ ನಾಲ್ಕು ವಂಶವಾಹಿಗಳಲ್ಲಿ ಮುಖ್ಯವಾದೊಂದರ ಸ್ಥಾನವನ್ನು ಅದು ತುಂಬಬಲ್ಲುದೆಂದು ಕಂಡಾಗ ಸಂಶೋಧಕರಿಗೇ ಅಚ್ಚರಿಯಾಗಿದ್ದಿರಬೇಕು.

2022ರಲ್ಲಿ ಅದೇ ತಂಡ ಮನುಷ್ಯರ ಕೋಶಗಳಲ್ಲೂ ಇದನ್ನು ಸಾಧಿಸಿತು. 2024ರಲ್ಲಿ ಪ್ರಕಟವಾದ ವರದಿಯಂತೆ, ಒಂದನೆಯ ಬಗೆಯ ಸಿಹಿಮೂತ್ರದ ರೋಗಿಯೊಬ್ಬರ ಕೊಬ್ಬಿನ ಅಂಗಾಂಶದ ಕೋಶಗಳನ್ನೇ ಅಣುಗಳಿಂದ ಹಿಂದಿರುಗಿಸಿ, ಅವುಗಳಿಂದ ಇನ್ಸುಲಿನ್ ಸ್ರವಿಸುವ ದ್ವೀಪಕೋಶಗಳನ್ನು ಬೆಳೆಸಿ, ಹೊಟ್ಟೆಯ ಸ್ನಾಯುವಿನ ಹೊದಿಕೆಯ ಕೆಳಗೆ ಇರಿಸಿದರು; 75 ದಿನಗಳ ಹೊತ್ತಿಗೆ ಆಕೆಗೆ ಹೊರಗಿನ ಇನ್ಸುಲಿನ್ ಬೇಡವಾಯಿತು. ಒಬ್ಬರ ಮೇಲಿನ ಫಲಿತಾಂಶ ಎಂಬುದನ್ನೂ, ಹಿಂದೆ ಯಕೃತ್ತಿನ ಕಸಿಯಾಗಿದ್ದರಿಂದ ಆಕೆ ರೋಗನಿರೋಧವನ್ನು ತಗ್ಗಿಸುವ ಔಷಧಿಯಲ್ಲಿ ಮೊದಲಿಂದ ಇದ್ದರೆಂಬುದನ್ನೂ ಸೇರಿಸಿ ಓದಬೇಕಾದ ಸುದ್ದಿ ಇದು.

ಸೇರಿಸಿ ಓದದವರಿಂದಲೇ ತೊಂದರೆ. ನಮ್ಮ ದೇಶದಲ್ಲಿ ಮೊಣಕಾಲಿನಿಂದ ಮಗುವಿನ ಬುದ್ಧಿಯವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಹಾಕುತ್ತೇವೆನ್ನುವ ಫಲಕಗಳು ಬಹುಕಾಲ ನೇತಾಡಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರ ತನ್ನ ಮಾರ್ಗಸೂಚಿಯ ಶೀರ್ಷಿಕೆಯಲ್ಲಿ ಸಂಶೋಧನೆ ಮತ್ತು ಚಿಕಿತ್ಸೆ ಎಂಬ ಎರಡೂ ಮಾತುಗಳನ್ನಿಟ್ಟಿತ್ತು. 2013ರ ಪರಿಷ್ಕರಣೆಯಲ್ಲಿ ಬೇಕೆಂದೇ ಚಿಕಿತ್ಸೆಯನ್ನು ಹೊಡೆದುಹಾಕಿತು, ರಕ್ತಸಂಬಂಧಿ ಕಾಯಿಲೆಗಳ ಮಜ್ಜೆಯ ಕಸಿಯಂಥ ಒಪ್ಪಿತ ವಿಧಾನಗಳನ್ನು ಬಿಟ್ಟರೆ ಉಳಿದುದೆಲ್ಲ ಇನ್ನೂ ಸಂಶೋಧನೆಯೇ ಎಂದು. ಒಂದು ಪದವನ್ನು ತೆಗೆದು ಇಷ್ಟು ದೊಡ್ಡ ಮಾತು ಹೇಳಿದ ಸರಕಾರಿ ಕಾಗದ ನನಗೆ ಬೇರೆ ಗೊತ್ತಿಲ್ಲ. ಕಾಂಡಕ್ಕೆ ಪತ್ರಿಕೆಗಳು ಅಂಟಿಸಿದ ಹಗರಣದ ಅರ್ಥ ಆ ಫಲಕಗಳಿಗೆ ತಕ್ಕುದೇ ಆಗಿತ್ತು. ಫಲಕಗಳ ಆಚೆಗೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಕಾಂಡಕೋಶ ವಿಜ್ಞಾನಕ್ಕೇ ಮೀಸಲಾದ ಇನ್‌ಸ್ಟೆಮ್ ಸಂಸ್ಥೆ ಇದೆ, ಗಿಡದ ಕಾಂಡವನ್ನು ಓದುವವರ ನೆರೆಯಲ್ಲೇ. ಈ ನೆರೆಹೊರೆ ನನಗೆ ಹಿಡಿಸಿತು.

ಇನ್ನೊಂದು ಪದ ಬಾಕಿ ಇದೆ. ಡೆಂಗ್ ತಂಡದವರ 2022ರ ಕೆಲಸದಲ್ಲಿ ಮನುಷ್ಯಕೋಶ ನೇರವಾಗಿ ಹಿಂದಕ್ಕೆ ಹೋಗಲಿಲ್ಲ. ನಡುವೆ ಒಂದು ಮೆತ್ತಗಿನ, ಯಾವುದೂ ಇತ್ಯರ್ಥವಾಗದ ಸ್ಥಿತಿಯಲ್ಲಿ ಕೆಲಕಾಲ ತಂಗಿತು, ಅಲ್ಲಿ ಎಚ್ಚತ್ತ ವಂಶವಾಹಿಗಳ ನಡೆ ಆಕ್ಸಲಾಟಲ್ ಎಂಬ ಮೆಕ್ಸಿಕೋದ ಉಭಯವಾಸಿ ತನ್ನ ಕಡಿದ ಕಾಲನ್ನು ಮತ್ತೆ ಬೆಳೆಸುವಾಗಿನದನ್ನು ಹೋಲುತ್ತಿತ್ತು. ಆ ಜೀವಿಯ ಕಡಿದ ತುದಿಯಲ್ಲಿ ಮೂಡುವ ಕೋಶಗಳ ಮೊಗ್ಗಿಗೆ ಬ್ಲಾಸ್ಟೀಮಾ ಎಂದು ಹೆಸರು, ಗ್ರೀಕಿನಲ್ಲಿ ಅದರ ಅರ್ಥ ಮೊಳಕೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಛಿನ್ನರುಹ ಅರ್ಥಕ್ಕೆ ಹೊಂದುತ್ತದೆ, ನಾಲಗೆಗೆ ಹೊರೆ. ಅಂಕುರ ತೀರ ಸಾಮಾನ್ಯ, ಬೀಜದಿಂದ ಬಂದದ್ದೂ ಅಂಕುರವೇ. ಕುಡಿ ಎಂದರೆ ತುದಿಯ ಚಿಗುರು, ವಂಶದ ಕುಡಿಯಾಗಿ ಆಗಲೇ ಬೇರೆ ಕೆಲಸದಲ್ಲಿದೆ. ನನ್ನ ಓಟು ಕೊನರಿಗೆ. ಬೀಜದಿಂದ ಬರುವುದನ್ನು ಕನ್ನಡ ಕೊನರೆನ್ನುವುದು ವಿರಳ, ಕಡಿದ ಬೊಡ್ಡೆ, ಒಣಗಿದ ಕೊರಡು ಮರಳಿ ಚಿಗುರುವುದನ್ನೇ ಹೆಚ್ಚಾಗಿ ಹಾಗೆನ್ನುವುದು. ನಾಮಪದವಾಗಿಯೂ ನಿಲ್ಲುತ್ತದೆ, ಕ್ರಿಯಾಪದವಾಗಿಯೂ ಓಡುತ್ತದೆ. ಆಕ್ಸಲಾಟಲ್ಲಿನ ಕಾಲ ತುದಿಯಲ್ಲಿ ಕೊನರು ಮೂಡಿತು ಎನ್ನಬಹುದು, ಏಳು ಅಣುಗಳ ಪಾಕದಲ್ಲಿ ಚರ್ಮದ ಕೋಶ ಕೊನರಿತು ಎನ್ನಬಹುದು, ಕೊನರುಕೋಶ ಎಂದು ಸಮಾಸವನ್ನೂ ಮಾಡಬಹುದು. ಕನ್ನಡ-ಸಂಸ್ಕೃತಗಳ ಅರಿಸಮಾಸವಾಯಿತೆಂದು ವ್ಯಾಕರಣದ ಹಿರಿಯರು ಹುಬ್ಬು ಗಂಟಿಕ್ಕಿದರೆ ಕೊನರಿನ ಕೋಶ ಎಂದು ಬಿಡಿಸಿ ಬರೆದರಾಯಿತು.